ಬಿತ್ತುವವರು ಕುದೂರಿನಲ್ಲಿ, ಕೊಯ್ಯುವವರು ಬೆಂಗಳೂರಿನಲ್ಲಿ

ಪಿಯುಸಿ ಫಲಿತಾಂಶ ಪ್ರಕಟವಾದ ಮೇಲೆ ಬೆಂಗಳೂರಿನ ಕಾಲೇಜುಗಳಲ್ಲಿ ಎರಡು ಬಗೆಯ ದಾಖಲಾತಿ ನಡೆಯುತ್ತದೆ. ಮೊದಲನೆಯದು ಎಲ್ಲರೂ ಬಲ್ಲದ್ದು: ಅರ್ಜಿ, ಅಂಕಪಟ್ಟಿ, ಶುಲ್ಕ, ಸರತಿ ಸಾಲು. ಎರಡನೆಯದು ಅಷ್ಟಾಗಿ ಸದ್ದು ಮಾಡುವುದಿಲ್ಲ. ಕಾಲೇಜಿನ ದೈಹಿಕ ಶಿಕ್ಷಣ ನಿರ್ದೇಶಕರು ಯಾವುದೋ ಊರಿನ ಮೈದಾನದ ಅಂಚಿನಲ್ಲಿ ನಿಂತು ಎತ್ತರದ ಹುಡುಗನೊಬ್ಬನನ್ನು ಗುರುತಿಸುತ್ತಾರೆ. ಶುಲ್ಕವಿಲ್ಲ, ಹಾಸ್ಟೆಲ್ ಉಚಿತ, ಬೂಟು ಮತ್ತು ಜರ್ಸಿ ಕಾಲೇಜಿನದು ಎಂಬ ಭರವಸೆ ದೊರೆಯುತ್ತದೆ. ಒಂದೆರಡು ದೂರವಾಣಿ ಕರೆಗಳಲ್ಲಿ ವ್ಯವಹಾರ ಮುಗಿಯುತ್ತದೆ. ಬ್ಯಾಸ್ಕೆಟ್‌ಬಾಲ್‌ನಂತಹ ಆಟದಲ್ಲಿ ಈ ಹುಡುಕಾಟ ಪಿಯುಸಿ ಮುಗಿಸಿದವರಿಗಷ್ಟೇ ಸೀಮಿತವಲ್ಲ. ಬೇರೊಂದು ಕಾಲೇಜಿನಲ್ಲಿ ಒಂದೆರಡು ವರ್ಷ ಆಡಿ ಪಳಗಿದವರನ್ನು ಟಿ.ಸಿ. ಸಮೇತ ಕರೆತರುವುದೂ ಉಂಟು. ಮೂರು ವರ್ಷ ಕಾದು ತಂಡ ಕಟ್ಟುವುದಕ್ಕಿಂತ ಸಿದ್ಧ ಆಟಗಾರನನ್ನು ತರುವುದು ಸುಲಭ ಎಂಬುದು ಇದರ ಹಿಂದಿನ ಲೆಕ್ಕಾಚಾರ.

ಇಂಥ ಒಂದು ಕರೆಯನ್ನು ಕೆಲವು ವರ್ಷಗಳ ಹಿಂದೆ ನಾನೇ ಮಾಡಿದ್ದೆ. ಆದ್ದರಿಂದ ಈ ವಿಷಯದಲ್ಲಿ ದೂರ ನಿಂತು ತೀರ್ಪು ನೀಡುವ ಸ್ಥಾನದಲ್ಲಿ ನಾನಿಲ್ಲ ಎಂಬುದನ್ನು ಓದುಗರಿಗೆ ಮೊದಲೇ ಹೇಳಿಬಿಡುವುದು ಒಳಿತು.

ನನ್ನ ಊರು ಮಾಗಡಿ ತಾಲ್ಲೂಕಿನ ಕುದೂರು. ಭೈರವನದುರ್ಗದ ಬೆಟ್ಟಕ್ಕೆ ಹತ್ತಿರದ ಹೋಬಳಿ ಕೇಂದ್ರ. ನಾನು ಹುಟ್ಟಿದಾಗ ಬೆಂಗಳೂರು ಜಿಲ್ಲೆಯಲ್ಲಿದ್ದ ಈ ಊರು 1986ರಲ್ಲಿ ಬೆಂಗಳೂರು ಗ್ರಾಮಾಂತರಕ್ಕೆ, 2007ರಲ್ಲಿ ರಾಮನಗರ ಜಿಲ್ಲೆಗೆ ಸೇರಿತು. 2025ರಲ್ಲಿ ಸಚಿವ ಸಂಪುಟದ ತೀರ್ಮಾನದಂತೆ ಬೆಂಗಳೂರು ದಕ್ಷಿಣವೆನಿಸಿತು. ಭೂಪಟದಲ್ಲಿ ಬೆಂಗಳೂರಿನ ಪಶ್ಚಿಮಕ್ಕಿರುವ ಊರು ‘ದಕ್ಷಿಣ’ವಾದದ್ದು ಹೇಗೆಂದು ಮಾಜಿ ಸರ್ಕಾರಿ ನೌಕರನಾದ ನಾನು ಕೇಳಬಾರದು. ಊರಿನ ಮೈದಾನದಲ್ಲಿ ಮಾತ್ರ ಹೆಚ್ಚಿನ ಬದಲಾವಣೆ ಕಂಡಿಲ್ಲ. ಒಂದು ತುದಿಯಲ್ಲಿ ಎರಡು ಕಬ್ಬಿಣದ ಕಂಬಗಳಿವೆ; ಅವಕ್ಕೆ ಹಲಗೆ ಬಡಿದು ರಿಂಗು ಕೂರಿಸಲಾಗಿದೆ. ಯಾವ ಅನುದಾನದಿಂದಲೂ ಬಂದದ್ದಲ್ಲ ಅದು. ದೈಹಿಕ ಶಿಕ್ಷಣದ ಮೇಷ್ಟ್ರೊಬ್ಬರು ವೆಲ್ಡಿಂಗ್ ಅಂಗಡಿಯವನನ್ನು ಕಾಡಿ ಬೇಡಿ ಮಾಡಿಸಿದ್ದು. ನೆಲ ಮಣ್ಣಿನದು. ಮಳೆ ಬಿದ್ದರೆ ಎರಡು ದಿನ ಆಟವಿಲ್ಲ.

ಆ ಮಣ್ಣಿನ ಅಂಕಣದಲ್ಲಿ ಒಬ್ಬ ಹುಡುಗ ಬೆಳೆದ. ತಂದೆಗೆ ಎರಡು ಎಕರೆ ಖುಷ್ಕಿ, ಎರಡು ಹಸು, ಬೆಳಿಗ್ಗೆ ಸಂಜೆ ಡೇರಿಗೆ ಹಾಲು. ಹುಡುಗ ಹದಿನೇಳಕ್ಕೇ ಆರು ಅಡಿ ಮೂರು ಅಂಗುಲವಾಗಿದ್ದ. ಅವನ ಎತ್ತರಕ್ಕಿಂತ ಹೆಚ್ಚಾಗಿ ನನ್ನನ್ನು ಸೆಳೆದದ್ದು ಅವನ ತಾಳ್ಮೆ. ಚೆಂಡು ಕೈಗೆ ಬಂದರೆ ಮೊದಲು ಸುತ್ತ ನೋಡುತ್ತಿದ್ದ. ತನಗಿಂತ ಅನುಕೂಲವಾಗಿ ನಿಂತವನಿದ್ದರೆ ಅವನಿಗೇ ಕೊಡುತ್ತಿದ್ದ. ಇದನ್ನು ಕಲಿಸಲು ಮೇಷ್ಟ್ರಿಗೆ ಐದು ವರ್ಷ ಹಿಡಿಯಿತಂತೆ. ‘ಸಾರ್, ಇವನಿಗೆ ಸಿಟೀಲಿ ಒಂದು ಸೀಟು ಹೇಳ್ಬಿಡಿ, ಇಲ್ಲಿದ್ರೆ ಹಾಳಾಗ್ತಾನೆ’ ಎಂದು ಅವರು ಕೇಳಿದಾಗ ನಾನು ಬೆಂಗಳೂರಿನ ಖಾಸಗಿ ಕಾಲೇಜೊಂದರ ಆಡಳಿತ ಮಂಡಳಿಯಲ್ಲಿದ್ದ ಸ್ನೇಹಿತರಿಗೆ ಫೋನ್ ಮಾಡಿದೆ. ಸೀಟು ಸಿಕ್ಕಿತು, ಹಾಸ್ಟೆಲ್ ಸಿಕ್ಕಿತು. ಯಾವುದೂ ಬರವಣಿಗೆಯಲ್ಲಿರಲಿಲ್ಲ. ಮೂವತ್ತನಾಲ್ಕು ವರ್ಷ ಕಡತಗಳ ನಡುವೆಯೇ ಬದುಕಿದ ನನಗೆ ಒಂದು ಕಾಗದ ಕೇಳಬೇಕೆಂದು ಹೊಳೆಯಲಿಲ್ಲ.

ಮೊದಲ ವರ್ಷ ಅವನು ಆಡಿದ. ಎರಡನೆಯ ವರ್ಷದ ಜನವರಿಯಲ್ಲಿ ಒಂದು ಪಂದ್ಯದಲ್ಲಿ ಹಾರಿ ಇಳಿಯುವಾಗ ಮಂಡಿ ತಿರುಗಿತು. ಲಿಗಮೆಂಟ್ ಹರಿದಿತ್ತು. ಶಸ್ತ್ರಚಿಕಿತ್ಸೆಗೆ ತಂದೆ ಒಂದು ಹಸು ಮಾರಿ, ಉಳಿದದ್ದಕ್ಕೆ ಕೈಸಾಲ ಮಾಡಿದರು. ಜೂನ್ ಬರುವಷ್ಟರಲ್ಲಿ ಕಾಲೇಜು ಅವನ ಸ್ಥಾನಕ್ಕೆ ಮೂವರನ್ನು ಕರೆತಂದಿತ್ತು: ಇಬ್ಬರು ಹೊರರಾಜ್ಯದವರು, ಒಬ್ಬ ನಗರದ್ದೇ ಇನ್ನೊಂದು ಕಾಲೇಜಿನಲ್ಲಿ ಎರಡು ವರ್ಷ ಓದಿದ್ದವನು. ಹಾಸ್ಟೆಲ್ ಕೋಣೆ ಆಡುವವರಿಗೆ ಮಾತ್ರ ಎಂದರು. ಮೂರನೆಯ ವರ್ಷದ ಶುಲ್ಕದ ಚೀಟಿ ಬಂತು. ಕಟ್ಟಲಾಗದೆ ಊರಿಗೆ ಹೊರಟ ಹುಡುಗನಿಗೆ ಮೂಲ ಅಂಕಪಟ್ಟಿಗಳನ್ನು ಕೊಡಲು ಬಾಕಿ ತೀರಿಸುವ ಷರತ್ತು ಹಾಕಿದರು. ವಿದ್ಯಾರ್ಥಿಗಳ ಮೂಲ ದಾಖಲೆಗಳನ್ನು ಹಿಡಿದಿಟ್ಟುಕೊಳ್ಳಬಾರದೆಂದು ಯುಜಿಸಿ 2018ರಲ್ಲೇ ಸ್ಪಷ್ಟವಾಗಿ ತಿಳಿಸಿದೆ. ಅದನ್ನು ಪತ್ರಮುಖೇನ ನೆನಪಿಸಿದ ಮೇಲೆ ದಾಖಲೆಗಳು ಬಂದವು. ನನ್ನ ಹಳೆಯ ಹುದ್ದೆ ಉಪಯೋಗಕ್ಕೆ ಬಂದದ್ದು ಅಷ್ಟಕ್ಕೇ.

ಈಗ ಅವನು ನೆಲಮಂಗಲದ ಬಳಿಯ ಗೋದಾಮೊಂದರಲ್ಲಿ ಪಾಳಿಯ ಕೆಲಸಕ್ಕೆ ಹೋಗುತ್ತಾನೆ. ನಾಲ್ಕು ವಿಷಯ ಬಾಕಿಯಿವೆ, ಅಂತಿಮ ವರ್ಷ ಇಡಿಯಾಗಿ ಉಳಿದಿದೆ. ಸ್ನೇಹಿತರನ್ನು ಕೇಳಿದರೆ, ‘ತಪ್ಪು ಯಾರದೂ ಅಲ್ಲ, ಆಡುವವರು ಬೇಕಿತ್ತು, ತಂದರು’ ಎಂದರು. ಅವರ ಮಾತಿನಲ್ಲಿ ದುರುದ್ದೇಶವಿರಲಿಲ್ಲ ಎಂಬುದೇ ನನ್ನನ್ನು ಹೆಚ್ಚು ಯೋಚನೆಗೆ ಹಚ್ಚಿತು. ಕೆಟ್ಟವರಿಲ್ಲದೆಯೇ ಕೆಟ್ಟದ್ದು ನಡೆಯುತ್ತಿದ್ದರೆ ದೋಷವನ್ನು ವ್ಯಕ್ತಿಗಳಲ್ಲಿ ಅಲ್ಲ, ವ್ಯವಸ್ಥೆಯ ಲೆಕ್ಕದಲ್ಲಿ ಹುಡುಕಬೇಕಾಗುತ್ತದೆ.

ಮೊದಲು ಆಟದ ಮಾತು. ಬ್ಯಾಸ್ಕೆಟ್‌ಬಾಲ್ 1891ರ ಡಿಸೆಂಬರ್‌ನಲ್ಲಿ ಅಮೆರಿಕದ ಸ್ಪ್ರಿಂಗ್‌ಫೀಲ್ಡ್‌ನಲ್ಲಿ ಜೇಮ್ಸ್ ನೈಸ್ಮಿತ್ ಎಂಬ ಶಿಕ್ಷಕ ಚಳಿಗಾಲದಲ್ಲಿ ಹುಡುಗರನ್ನು ಒಳಾಂಗಣದಲ್ಲಿ ತೊಡಗಿಸಲು ರೂಪಿಸಿದ ಆಟ. ವೈ.ಎಂ.ಸಿ.ಎ. ಮೂಲಕ ಅದು ಭಾರತಕ್ಕೆ ಬಂತು. 1920ರಲ್ಲಿ ಮದರಾಸಿನಲ್ಲಿ ಆರಂಭವಾದ ವೈ.ಎಂ.ಸಿ.ಎ. ದೈಹಿಕ ಶಿಕ್ಷಣ ಕಾಲೇಜು ದಕ್ಷಿಣದ ಶಾಲೆಗಳಿಗೆ ಹಲವು ತಲೆಮಾರುಗಳ ಶಿಕ್ಷಕರನ್ನು ಕೊಟ್ಟಿತು. ಅಂದರೆ ಈ ಆಟ ಹುಟ್ಟಿದ್ದು ಶಿಕ್ಷಕನ ಕೈಯಲ್ಲಿ, ಹರಡಿದ್ದೂ ಶಿಕ್ಷಕರಿಂದಲೇ. ಅಂಕಣದಲ್ಲಿ ಐದೇ ಜನ. ಚೆಂಡು ಹಿಡಿದ ತಂಡ ಇಪ್ಪತ್ತನಾಲ್ಕು ಸೆಕೆಂಡುಗಳೊಳಗೆ ಎಸೆಯಬೇಕು. ಇಷ್ಟು ಚಿಕ್ಕ ಅವಧಿಯಲ್ಲಿ ಯೋಚಿಸಿ ಆಡಲು ಬಿಡುವಿಲ್ಲ. ಜೊತೆಗಾರ ಎಡಕ್ಕೆ ತಿರುಗುತ್ತಾನೋ ಬಲಕ್ಕೋ ಎಂಬುದು ಕಣ್ಣಿಗೆ ಕಾಣುವ ಮೊದಲೇ ಕೈಗೆ ಗೊತ್ತಿರಬೇಕು. ಈ ಅರಿವು ಒಟ್ಟಿಗೆ ಆಡಿದ ದಿನಗಳ ಸಂಖ್ಯೆಯಿಂದ ಬರುವಂಥದು. ಓಟಗಾರನನ್ನು ತಂದರೆ ಅವನ ವೇಗ ಅವನೊಂದಿಗೇ ಬರುತ್ತದೆ. ಬ್ಯಾಸ್ಕೆಟ್‌ಬಾಲ್ ಆಟಗಾರನನ್ನು ತಂದರೆ ಅವನ ಕೌಶಲದಲ್ಲಿ ಅರ್ಧ ಹಳೆಯ ಜೊತೆಗಾರರ ಬಳಿಯೇ ಉಳಿದುಬಿಡುತ್ತದೆ. ನಮ್ಮಲ್ಲಿ ಪದವಿ ಮೂರು ವರ್ಷದ್ದು. ಪ್ರತಿವರ್ಷ ಅರ್ಧ ತಂಡ ಬದಲಾದರೆ ಆ ಅರಿವು ಮೂಡುವ ಮೊದಲೇ ಗುಂಪು ಚದುರಿರುತ್ತದೆ.

ಹಾಗಿದ್ದೂ ಕಾಲೇಜುಗಳು ಸಿದ್ಧ ಆಟಗಾರರನ್ನೇ ಏಕೆ ಬಯಸುತ್ತವೆ? ಇಲ್ಲಿ ನನ್ನ ಹಳೆಯ ಅರ್ಥಶಾಸ್ತ್ರ ಸ್ವಲ್ಪ ನೆರವಿಗೆ ಬರುತ್ತದೆ. ಜ್ಞಾನಭಾರತಿಯಲ್ಲಿ ಎಂ.ಎ. ಓದುವಾಗ ಗ್ಯಾರಿ ಬೆಕರ್ 1964ರಲ್ಲಿ ಪ್ರಕಟಿಸಿದ ‘ಮಾನವ ಬಂಡವಾಳ’ ಕುರಿತ ಕೃತಿಯ ಮುಖ್ಯ ವಾದವನ್ನು ನಮಗೆ ಹೇಳಿಕೊಡುತ್ತಿದ್ದರು. ಎಲ್ಲೆಡೆ ಉಪಯೋಗಕ್ಕೆ ಬರುವ ತರಬೇತಿಗೆ ಸಂಸ್ಥೆಗಳು ತಾವಾಗಿ ಹಣ ಹಾಕುವುದಿಲ್ಲ; ಏಕೆಂದರೆ ಕಲಿತವನು ಆ ಕಲಿಕೆಯನ್ನು ಹೊತ್ತುಕೊಂಡೇ ಬೇರೆಡೆಗೆ ಹೋಗಬಲ್ಲ. ಒಬ್ಬರು ಕಲಿಸಿದ್ದರ ಫಲವನ್ನು ಇನ್ನೊಬ್ಬರು ಬಿಟ್ಟಿ ಉಣ್ಣಬಹುದಾದಾಗ ಎಲ್ಲರೂ ಉಣ್ಣಲು ಕಾಯುತ್ತಾರೆ, ಕಲಿಸುವವರು ಇಲ್ಲವಾಗುತ್ತಾರೆ. ಕುದೂರಿನ ಮೇಷ್ಟ್ರು ಐದು ವರ್ಷ ಹಾಕಿದ ಶ್ರಮದ ಬೆಲೆ ಬೆಂಗಳೂರಿನ ಕಾಲೇಜಿನ ಲೆಕ್ಕಪತ್ರದಲ್ಲಿ ಸೊನ್ನೆ. ಅದು ಸೊನ್ನೆಯಾಗಿರುವವರೆಗೆ ಮಂಡಿ ಹರಿದ ಹುಡುಗನನ್ನು ಉಳಿಸಿಕೊಂಡು ಗುಣಪಡಿಸುವುದು ಕಾಲೇಜಿಗೆ ದುಬಾರಿಯಾಗಿಯೇ ಕಾಣುತ್ತದೆ. ಇನ್ನೊಂದು ಊರಿನ ಇನ್ನೊಬ್ಬ ಮೇಷ್ಟ್ರು ಬೆಳೆಸಿದ ಇನ್ನೊಬ್ಬ ಹುಡುಗ ಅಗ್ಗಕ್ಕೆ ಸಿಗುತ್ತಾನೆ.

ಇದರ ಮೇಲೆ ಶ್ರೇಯಾಂಕದ ಆಸೆ. ನಾಗರಬಾವಿಯಲ್ಲಿ ಕೇಂದ್ರ ಕಚೇರಿಯಿರುವ ನ್ಯಾಕ್ ಸಂಸ್ಥೆ ಕಾಲೇಜುಗಳ ಮೌಲ್ಯಮಾಪನಕ್ಕೆ ಹಲವು ವರ್ಷ ಬಳಸಿದ ನಮೂನೆಯಲ್ಲಿ, ವಿದ್ಯಾರ್ಥಿಗಳು ವಿಶ್ವವಿದ್ಯಾಲಯ, ರಾಜ್ಯ, ರಾಷ್ಟ್ರ ಮಟ್ಟದ ಕ್ರೀಡೆಗಳಲ್ಲಿ ಗಳಿಸಿದ ಪದಕಗಳ ಸಂಖ್ಯೆಗೂ ಅಂಕವಿತ್ತು. ಉದ್ದೇಶ ಒಳ್ಳೆಯದೇ. ಆದರೆ ಪದಕ ಗೆದ್ದವರು ಪದವಿ ಮುಗಿಸಿದರೇ ಎಂಬ ಅಂಕಣ ಅದರ ಪಕ್ಕದಲ್ಲಿರಲಿಲ್ಲ. ಎಣಿಸಿದ್ದನ್ನೇ ಜನ ಕೂಡಿಡುತ್ತಾರೆ ಎಂಬುದು ಸರ್ಕಾರಿ ಕಚೇರಿಯಲ್ಲಿ ಮೊದಲ ವರ್ಷವೇ ಕಲಿಯುವ ಪಾಠ. ವನಮಹೋತ್ಸವದಲ್ಲಿ ನೆಟ್ಟ ಸಸಿಗಳನ್ನು ಎಣಿಸಿ ವರದಿ ಕಳಿಸುತ್ತಿದ್ದೆವು. ಮುಂದಿನ ವರ್ಷ ಬದುಕಿದ್ದವು ಎಷ್ಟು ಎಂದು ಯಾರೂ ಕೇಳುತ್ತಿರಲಿಲ್ಲ.

ಹೊರಗಿನಿಂದ ಆಟಗಾರರನ್ನು ತರುವುದೆಲ್ಲ ತಪ್ಪೆಂದು ನಾನು ಹೇಳುತ್ತಿಲ್ಲ. ಮೂಡುಬಿದಿರೆಯ ಆಳ್ವಾಸ್ ಸಂಸ್ಥೆ ಹೊರರಾಜ್ಯದವರೂ ಸೇರಿದಂತೆ ಅಥ್ಲೀಟುಗಳನ್ನು ದತ್ತು ತೆಗೆದುಕೊಂಡು, ಊಟ, ವಸತಿ, ಓದು, ತರಬೇತಿ ಎಲ್ಲವನ್ನೂ ಒಂದೇ ಆವರಣದಲ್ಲಿ ಒದಗಿಸುತ್ತ ಬಂದಿದೆ. 2020ರ ಜನವರಿಯಲ್ಲಿ ಅಲ್ಲಿಯೇ ನಡೆದ ಅಖಿಲ ಭಾರತ ಅಂತರ ವಿಶ್ವವಿದ್ಯಾಲಯ ಅಥ್ಲೆಟಿಕ್ಸ್‌ನಲ್ಲಿ ಮಂಗಳೂರು ವಿಶ್ವವಿದ್ಯಾಲಯ ಸಮಗ್ರ ಪ್ರಶಸ್ತಿ ಗೆದ್ದದ್ದರಲ್ಲಿ ಆ ಅಥ್ಲೀಟುಗಳ ಪಾಲು ದೊಡ್ಡದು. 2022ರ ಏಪ್ರಿಲ್–ಮೇ ತಿಂಗಳಲ್ಲಿ ಬೆಂಗಳೂರಿನಲ್ಲಿ ನಡೆದ ಖೇಲೋ ಇಂಡಿಯಾ ವಿಶ್ವವಿದ್ಯಾಲಯ ಕ್ರೀಡಾಕೂಟದಲ್ಲಿ ಆತಿಥೇಯ ಜೈನ್ ವಿಶ್ವವಿದ್ಯಾಲಯ 20 ಚಿನ್ನದೊಂದಿಗೆ ಅಗ್ರಸ್ಥಾನ ಪಡೆಯಿತು. ಅದರ ಈಜುಗಾರರಾದ ಶ್ರೀಹರಿ ನಟರಾಜ್, ಶಿವ ಶ್ರೀಧರ್ ನಗರದ ಈಜುಕೊಳಗಳಲ್ಲಿ ಬಾಲ್ಯದಿಂದ ಪಳಗಿದವರು. ಇವುಗಳಲ್ಲಿ ಆಕ್ಷೇಪಿಸಲು ಏನಿದೆ? ವಿದ್ಯಾಸಂಸ್ಥೆ ಕ್ರೀಡೆಗೆ ಹಣ ಹಾಕುವುದು ನಮ್ಮ ದೇಶದಲ್ಲಿ ಅಪರೂಪವೇ. ನನ್ನ ಪ್ರಶ್ನೆ, ಕರೆತಂದವನು ಆಡಲಾಗದ ದಿನ ಅವನ ಗತಿಯೇನು ಎಂಬುದು ಮಾತ್ರ.

ಇನ್ನೊಂದು ತಪ್ಪು ಪರಿಹಾರವನ್ನೂ ಇಲ್ಲೇ ಬದಿಗಿಡಬೇಕು. ಆಟಗಾರರು ಕಾಲೇಜು ಬಿಟ್ಟು ಹೋಗದಂತೆ ನಿಯಮ ಮಾಡಿ, ಹೋದವರನ್ನು ಒಂದು ವರ್ಷ ಕೂರಿಸಿ ಎಂದು ಹೇಳುವವರಿದ್ದಾರೆ. ಕೇಳಲು ಶಿಸ್ತಿನ ಮಾತು. ಹೊರೆ ಮಾತ್ರ ಪೂರ್ತಿ ವಿದ್ಯಾರ್ಥಿಯ ಹೆಗಲಿಗೆ. 1956ರಲ್ಲಿ ಸೈಮನ್ ರಾಟನ್‌ಬರ್ಗ್ ಎಂಬ ಅರ್ಥಶಾಸ್ತ್ರಜ್ಞ ಅಮೆರಿಕದ ಬೇಸ್‌ಬಾಲ್ ಕುರಿತು ಬರೆದ ಪ್ರಬಂಧದಲ್ಲಿ ಇದನ್ನೇ ಪರಿಶೀಲಿಸಿದ್ದ. ಆಟಗಾರನನ್ನು ಒಂದೇ ತಂಡಕ್ಕೆ ಕಟ್ಟಿಹಾಕಿದರೆ ಚಿಕ್ಕ ತಂಡಗಳೇನೂ ಉದ್ಧಾರವಾಗುವುದಿಲ್ಲ. ಆಟಗಾರನಿಗೆ ಬರಬೇಕಾದ ಹಣ ಮಾಲೀಕನ ಕಿಸೆಗೆ ಹೋಗುತ್ತದೆ, ಅಷ್ಟೇ ಎಂಬುದು ಅವನ ವಾದದ ಸಾರ. ನಮ್ಮ ಕಣ್ಣೆದುರಿನ ಉದಾಹರಣೆ ಕರುಣ್ ನಾಯರ್. 2016ರಲ್ಲಿ ಚೆನ್ನೈನಲ್ಲಿ ಇಂಗ್ಲೆಂಡ್ ವಿರುದ್ಧ ಅಜೇಯ 303 ಹೊಡೆದವರಿಗೆ ಮುಂದೆ ಕರ್ನಾಟಕ ತಂಡದಲ್ಲೇ ಸ್ಥಾನವಿಲ್ಲದಾಯಿತು. 2023ರಲ್ಲಿ ವಿದರ್ಭಕ್ಕೆ ಹೋದರು. 2024–25ರ ರಣಜಿ ಟ್ರೋಫಿಯನ್ನು ವಿದರ್ಭ ಗೆದ್ದಾಗ ಫೈನಲ್‌ನಲ್ಲಿ ಅವರ ಶತಕವಿತ್ತು. ಮತ್ತೆ ಭಾರತ ತಂಡಕ್ಕೆ ಬಂದರು, 2025ರಲ್ಲಿ ಕರ್ನಾಟಕಕ್ಕೂ ಮರಳಿದರು. ಅವರಿಗೆ ಬಾಗಿಲು ಮುಚ್ಚಿದ್ದರೆ ನಷ್ಟ ಯಾರಿಗಾಗುತ್ತಿತ್ತು? ನಮ್ಮ ಕುದೂರು ಹೋಬಳಿಯದ್ದೇ ಒಬ್ಬ ಹೆಣ್ಣುಮಗಳು ಕ್ರೀಡಾ ಕೋಟಾದಲ್ಲಿ ಸೇರಿದ ಕಾಲೇಜು ಸರಿಹೋಗದೆ ಎರಡನೆಯ ವರ್ಷ ಬೇರೆಡೆಗೆ ಹೋಗಿ, ಬಿ.ಕಾಂ. ಮುಗಿಸಿ, ರೈಲ್ವೆಯ ಕ್ರೀಡಾ ನೇಮಕಾತಿಯಲ್ಲಿ ಕೆಲಸ ಹಿಡಿದಿದ್ದಾಳೆ. ‘ಹೊರಡೋಕೆ ಬಿಟ್ಟಿದ್ದಕ್ಕೇ ನಾನು ಉಳಿದೆ ಅಂಕಲ್’ ಎಂದು ಆಕೆ ನನಗೆ ಹೇಳಿದ್ದುಂಟು.

ಹೊರಡುವ ಸ್ವಾತಂತ್ರ್ಯಕ್ಕೆ ಲಗಾಮೇ ಇಲ್ಲದಿದ್ದರೆ ಏನಾಗುತ್ತದೆ ಎಂಬುದನ್ನು ಅಮೆರಿಕ ಈಗ ತೋರಿಸುತ್ತಿದೆ. ಅಲ್ಲಿನ ಕಾಲೇಜು ಕ್ರೀಡಾ ಸಂಸ್ಥೆ ಎನ್‌ಸಿಎಎ 2018ರ ಅಕ್ಟೋಬರ್‌ನಲ್ಲಿ ಕಾಲೇಜು ಬದಲಿಸಬಯಸುವವರಿಗಾಗಿ ಒಂದು ಗಣಕೀಕೃತ ಪಟ್ಟಿ ತೆರೆಯಿತು. 2021ರಿಂದ ಒಮ್ಮೆ, 2024ರಿಂದ ಎಷ್ಟು ಬಾರಿಯಾದರೂ ಕಾಲೇಜು ಬದಲಿಸಿ ಕೂಡಲೇ ಆಡಬಹುದಾಯಿತು. 2025ರ ಜೂನ್‌ನಲ್ಲಿ ನ್ಯಾಯಾಲಯ ಒಪ್ಪಿದ ಒಡಂಬಡಿಕೆಯಂತೆ ಕಾಲೇಜುಗಳು ತಮ್ಮ ಕ್ರೀಡಾಪಟುಗಳಿಗೆ ಮೊದಲ ವರ್ಷ ಸುಮಾರು 2.05 ಕೋಟಿ ಡಾಲರ್‌ವರೆಗೆ ನೇರವಾಗಿ ಹಂಚಬಹುದು. 2025ರ ವಸಂತದಲ್ಲಿ ಪುರುಷರ ಬ್ಯಾಸ್ಕೆಟ್‌ಬಾಲ್‌ನ ಮೊದಲ ದರ್ಜೆಯಲ್ಲೇ ಎರಡು ಸಾವಿರಕ್ಕೂ ಹೆಚ್ಚು ಆಟಗಾರರು ಆ ಪಟ್ಟಿಯಲ್ಲಿದ್ದರು. ಫ್ಲಾರಿಡಾ ಅಟ್ಲಾಂಟಿಕ್ ಎಂಬ ಹೆಸರು ಕೇಳಿರದ ವಿಶ್ವವಿದ್ಯಾಲಯ 2023ರಲ್ಲಿ ಕೊನೆಯ ನಾಲ್ಕು ತಂಡಗಳಲ್ಲಿ ಒಂದಾಯಿತು. ಆ ಹುಡುಗರು ಒಂದು ವರ್ಷ ಒಟ್ಟಿಗೇ ಉಳಿದರು. 2024ರಲ್ಲಿ ತರಬೇತುದಾರರು ಮಿಶಿಗನ್‌ಗೆ ಹೊರಟರು, ಆಟಗಾರರು ದಿಕ್ಕಿಗೊಬ್ಬರಾದರು. ಅವರಲ್ಲೊಬ್ಬ ಮರುವರ್ಷ ಫ್ಲಾರಿಡಾ ತಂಡದಲ್ಲಿ ಚಾಂಪಿಯನ್ ಆದ. ಅವನಿಗೆ ಒಳಿತೇ ಆಯಿತು, ಬೆಳೆಸಿದ ಮನೆ ಬರಿದಾಯಿತು.

ಅಮೆರಿಕದಿಂದಲೇ ಕಲಿಯಬೇಕಾದ ಇನ್ನೊಂದು ಸಂಗತಿಯಿದೆ. ಅಲ್ಲಿ ಎರಡು ದಶಕಗಳಿಂದ ಪ್ರತಿ ತಂಡದ ಆಟಗಾರರ ಓದಿನ ಪ್ರಗತಿಗೆ ಅಂಕ ನೀಡುವ ಪದ್ಧತಿಯಿದೆ. ಆ ಅಂಕ ಕಡಿಮೆ ಬಿದ್ದದ್ದಕ್ಕೆ ಹೆಸರಾಂತ ಕನೆಕ್ಟಿಕಟ್ ತಂಡವನ್ನು 2013ರ ರಾಷ್ಟ್ರೀಯ ಪಂದ್ಯಾವಳಿಯಿಂದಲೇ ಹೊರಗಿಟ್ಟರು. ಕೆಲವರು ತಂಡ ಬಿಟ್ಟು ಹೋದರು. ಶಬಾಜ್ ನೇಪಿಯರ್ ಎಂಬಾತ ಹೋಗಲಿಲ್ಲ. ಉಳಿದವರನ್ನು ಕಟ್ಟಿಕೊಂಡು 2014ರಲ್ಲಿ ಅದೇ ತಂಡವನ್ನು ಚಾಂಪಿಯನ್ ಮಾಡಿದ. ಆಟಗಾರನ ಓದು ಕೆಟ್ಟರೆ ತಂಡದ ಕಪ್ಪಿಗೇ ಕುತ್ತು ಎಂಬ ನಿಯಮವೊಂದು ನಮ್ಮಲ್ಲಿದ್ದಿದ್ದರೆ, ನಮ್ಮ ಹುಡುಗನನ್ನು ಹಾಸ್ಟೆಲಿನಿಂದ ಕಳಿಸುವ ಮುನ್ನ ಆ ಕಾಲೇಜು ಒಮ್ಮೆಯಾದರೂ ಯೋಚಿಸುತ್ತಿತ್ತು.

ವರ್ಗಾವಣೆಯ ವಿಷಯದಲ್ಲಿ ನನಗೆ ಪುಸ್ತಕದ ಜ್ಞಾನವಲ್ಲದೆ ಮೈಮೇಲಿನ ಅನುಭವವೂ ಉಂಟು. ಸೇವೆಯಲ್ಲಿ ಹದಿನೇಳು ಸಲ ಎತ್ತಂಗಡಿಯಾದವನು ನಾನು. ಒಂದು ಜಾಗದಲ್ಲಿ ಏಳು ತಿಂಗಳು, ಇನ್ನೊಂದರಲ್ಲಿ ಹತ್ತು. ಯಾವ ಕೆರೆಗೆ ಎಲ್ಲಿಂದ ನೀರು ಬರುತ್ತದೆ, ಯಾವ ಗುಮಾಸ್ತನ ಮಾತು ನಂಬಬಹುದು ಎಂದು ತಿಳಿಯುವಷ್ಟರಲ್ಲಿ ಆದೇಶ ಬರುತ್ತಿತ್ತು. ಅಧಿಕಾರಿಗಳಿಗೆ ಕನಿಷ್ಠ ಸೇವಾವಧಿ ಇರಬೇಕೆಂದು ಟಿ.ಎಸ್.ಆರ್. ಸುಬ್ರಮಣಿಯನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2013ರ ಅಕ್ಟೋಬರ್‌ನಲ್ಲಿ ಹೇಳಿತು. ಅದು ಎಷ್ಟು ಜಾರಿಯಾಯಿತೆಂಬುದು ಪತ್ರಿಕೆ ಓದುವವರಿಗೆಲ್ಲ ಗೊತ್ತು. ನನ್ನ ಸೇವೆಯಲ್ಲಿ ನೆನಪಿಟ್ಟುಕೊಳ್ಳುವಂತಹ ಕೆಲಸಗಳೆಲ್ಲ ಎರಡು ವರ್ಷಕ್ಕಿಂತ ಹೆಚ್ಚು ನಿಂತ ಜಾಗಗಳಲ್ಲೇ ಆದವು.

ಮುಂದೆ ಈ ಓಡಾಟ ಇನ್ನೂ ಹೆಚ್ಚಲಿದೆ. ಯುಜಿಸಿ 2021ರಲ್ಲಿ ಜಾರಿಗೆ ತಂದ ಶೈಕ್ಷಣಿಕ ಕ್ರೆಡಿಟ್ ಬ್ಯಾಂಕ್ ವ್ಯವಸ್ಥೆಯಲ್ಲಿ ವಿದ್ಯಾರ್ಥಿ ಒಂದು ಸಂಸ್ಥೆಯಲ್ಲಿ ಗಳಿಸಿದ ಅಂಕಗಳನ್ನು ಇನ್ನೊಂದಕ್ಕೆ ಒಯ್ಯಬಹುದು. ಓದಿನ ದೃಷ್ಟಿಯಿಂದ ಇದು ಸ್ವಾಗತಾರ್ಹ. ಆದರೆ ಪದವಿಯ ನಡುವೆ ಆಟಗಾರರನ್ನು ಸೆಳೆಯಲು ಕಾಲೇಜುಗಳಿಗೆ ಇದ್ದ ಒಂದು ದೊಡ್ಡ ಅಡ್ಡಿ ಇದರಿಂದ ಸರಿಯುತ್ತದೆ. ಆದ್ದರಿಂದ ವಿಶ್ವವಿದ್ಯಾಲಯಗಳು ಈಗಲೇ ಕೆಲವು ನಿಯಮಗಳನ್ನು ರೂಪಿಸಬೇಕು, ಮತ್ತು ಆ ನಿಯಮಗಳು ಕಾಲೇಜುಗಳನ್ನು ಬಿಗಿಯಬೇಕೇ ಹೊರತು ವಿದ್ಯಾರ್ಥಿಗಳನ್ನಲ್ಲ.

ಕ್ರೀಡಾ ಕೋಟಾದಲ್ಲಿ ಸೀಟು ಕೊಟ್ಟ ಕಾಲೇಜು ಪದವಿ ಮುಗಿಯುವವರೆಗೆ ಅದನ್ನು ಕೊಡಬೇಕು. ಆಡಿದರೂ ಸೈ, ಮಂಡಿ ಮುರಿದರೂ ಸೈ. ಇದು ಲಿಖಿತ ಒಪ್ಪಂದವಾಗಿ ವಿಶ್ವವಿದ್ಯಾಲಯದಲ್ಲಿ ದಾಖಲಾಗಬೇಕು. ಅಂಕಣದಲ್ಲಾದ ಗಾಯದ ಚಿಕಿತ್ಸೆಯ ವೆಚ್ಚ, ಬಾಕಿ ವಿಷಯ ಮುಗಿಸಲು ಒಂದು ಹೆಚ್ಚುವರಿ ವರ್ಷ ಅದರಲ್ಲಿ ಸೇರಿರಬೇಕು. ವೆಚ್ಚ ಹೆಚ್ಚಾಗುತ್ತದೆ ಎನ್ನುವ ಕಾಲೇಜು ನಾಲ್ವರ ಬದಲು ಇಬ್ಬರನ್ನು ಕರೆತರಲಿ. ಅಂತರ ಕಾಲೇಜು ಪಂದ್ಯಾವಳಿಗೆ ಹೆಸರು ಕೊಡುವ ಹನ್ನೆರಡು ಮಂದಿಯಲ್ಲಿ ಅರ್ಧದಷ್ಟಾದರೂ ಮೊದಲ ವರ್ಷದಿಂದ ಅಲ್ಲೇ ಓದುತ್ತಿರುವವರಿರಲಿ. ಆಗ ನಡುವೆ ಬಂದವರಿಗೂ ಬಾಗಿಲು ತೆರೆದಿರುತ್ತದೆ, ಬೆಳೆಸುವವರಿಗೂ ಬೆಲೆ ಬರುತ್ತದೆ.

ಆದರೆ ನನ್ನ ಮಟ್ಟಿಗೆ ಮುಖ್ಯವಾದದ್ದು ಮೇಷ್ಟ್ರ ಪಾಲು. ಫುಟ್‌ಬಾಲ್‌ನ ಅಂತರರಾಷ್ಟ್ರೀಯ ಸಂಸ್ಥೆ ಫಿಫಾ 2001ರಿಂದ ಒಂದು ವ್ಯವಸ್ಥೆ ನಡೆಸುತ್ತಿದೆ. ಆಟಗಾರನೊಬ್ಬ ವರ್ಗಾವಣೆ ಶುಲ್ಕದ ಮೇಲೆ ಒಂದು ಕ್ಲಬ್ಬಿನಿಂದ ಇನ್ನೊಂದಕ್ಕೆ ಹೋದಾಗ ಆ ಮೊತ್ತದ ಶೇ 5ರಷ್ಟು, ಅವನನ್ನು ಹನ್ನೆರಡರಿಂದ ಇಪ್ಪತ್ತಮೂರರ ವಯಸ್ಸಿನವರೆಗೆ ಪಳಗಿಸಿದ ಕ್ಲಬ್ಬುಗಳಿಗೆ ಹಂಚಿಕೆಯಾಗುತ್ತದೆ. ಯಾವುದೋ ಬಡ ದೇಶದ ಹಳ್ಳಿಯ ಕ್ಲಬ್ಬು ಇದರಿಂದ ಮೈದಾನ ಕಟ್ಟಿಕೊಳ್ಳಬಲ್ಲದು. ನಮ್ಮಲ್ಲಿ ಆಟಗಾರನ ಮಾರಾಟವಿಲ್ಲ, ಆಗಲೂ ಬಾರದು. ಆದರೆ ಕಾಲೇಜು ಮನ್ನಾ ಮಾಡುವ ಒಂದು ವರ್ಷದ ಶುಲ್ಕಕ್ಕೆ ಸಮನಾದ ಮೊತ್ತವನ್ನು ಅವನು ಕಲಿತ ಶಾಲೆಯ ಕ್ರೀಡಾ ನಿಧಿಗೆ ಕೊಡಬೇಕೆಂಬ ನಿಯಮ ಅಸಾಧ್ಯವೇನಲ್ಲ. ಪದವಿಯ ನಡುವೆ ಕರೆತಂದರೆ ಹಿಂದಿನ ಕಾಲೇಜಿಗೂ ಅಷ್ಟೇ ಕೊಡಲಿ. ಫಲಿತಾಂಶದ ಮರುದಿನ ಪತ್ರಿಕೆಗಳಲ್ಲಿ ಬರುವ ಅಭಿನಂದನಾ ಜಾಹೀರಾತುಗಳ ಮುಂದೆ ಈ ಮೊತ್ತ ಏನೂ ಅಲ್ಲ. ಕುದೂರಿನ ಮಣ್ಣಿನ ಅಂಕಣಕ್ಕೆ ಕಾಂಕ್ರೀಟ್ ಹಾಕಲು ಇಂಥ ನಾಲ್ಕೈದು ಮಕ್ಕಳ ಪಾಲು ಸಾಕಾದೀತು.

ಹಳ್ಳಿಯ ಶಾಲೆಗಳಿಂದ ಏನು ಬಂದೀತು ಎಂದು ಅನುಮಾನಿಸುವವರಿದ್ದಾರೆ. 2025ರ ಜನವರಿಯಲ್ಲಿ ದೆಹಲಿಯಲ್ಲಿ ನಡೆದ ಮೊದಲ ಖೋ ಖೋ ವಿಶ್ವಕಪ್ಪನ್ನು ಗೆದ್ದ ಭಾರತದ ಮಹಿಳಾ ತಂಡದಲ್ಲಿದ್ದ ಬಿ. ಚೈತ್ರಾ, ತಿ. ನರಸೀಪುರ ತಾಲ್ಲೂಕಿನ ಕುರುಬೂರಿನವರು. ಆಟ ಕಲಿತದ್ದು ಊರ ಶಾಲೆಯ ಮೈದಾನದಲ್ಲೇ.

ಮೊನ್ನೆ ಊರಿಗೆ ಹೋಗಿದ್ದಾಗ ಹುಡುಗನ ತಂದೆ ಡೇರಿಯ ಬಳಿ ಸಿಕ್ಕಿದರು. ಆ ಫೋನ್ ಕರೆಗಾಗಿ ಅವರು ನನ್ನನ್ನು ಬೈದಿದ್ದರೆ ಸಮಾಧಾನವಾಗುತ್ತಿತ್ತೇನೋ. ‘ನೀವು ಒಳ್ಳೇದಕ್ಕೇ ಮಾಡಿದ್ರಿ ಸ್ವಾಮಿ’ ಎಂದು ಕ್ಯಾನು ಎತ್ತಿಕೊಂಡು ಹೊರಟರು. ಮಗ ಬಾಕಿ ವಿಷಯಗಳಿಗೆ ಈ ಸಲ ಅರ್ಜಿ ಹಾಕಿದ್ದಾನಂತೆ. ರಾತ್ರಿ ಪಾಳಿ ಕೇಳಿ ಪಡೆದಿದ್ದಾನಂತೆ, ಹಗಲು ಓದಲು.

ಸಂಜೆ ಮೈದಾನದಲ್ಲಿ ಮೇಷ್ಟ್ರು ಇನ್ನೊಬ್ಬ ಹುಡುಗನನ್ನು ತೋರಿಸಿದರು. ದ್ವಿತೀಯ ಪಿಯುಸಿ, ಅವನೂ ಎತ್ತರದವನೇ. ನಗರದಿಂದ ಎರಡು ಕಾಲೇಜಿನವರು ಆಗಲೇ ಬಂದು ನೋಡಿ ಹೋಗಿದ್ದಾರಂತೆ. ‘ಯಾವುದಕ್ಕೆ ಕಳಿಸೋದು ಸಾರ್?’ ಎಂದು ಕೇಳಿದರು. ಜೇಬಿನಲ್ಲಿದ್ದ ಹಾಳೆ ತೆಗೆದು ಇಬ್ಬರಿಗೂ ಕೇಳಬೇಕಾದ ಪ್ರಶ್ನೆಗಳನ್ನು ಬರೆದುಕೊಟ್ಟೆ. ಮೂರು ವರ್ಷವೂ ಸೀಟು ಉಂಟೇ, ಗಾಯವಾದರೆ ಖರ್ಚು ಯಾರದು, ಕಳೆದ ಐದು ವರ್ಷಗಳಲ್ಲಿ ನಿಮ್ಮ ತಂಡದಲ್ಲಿ ಆಡಿದವರ ಪೈಕಿ ಪದವಿ ಪಡೆದವರೆಷ್ಟು. ಉತ್ತರವನ್ನು ಸಹಿ, ಮೊಹರಿನೊಂದಿಗೆ ತೆಗೆದುಕೊಳ್ಳಿ ಎಂದೆ. ಎರಡು ವಾರವಾಯಿತು. ಒಂದು ಕಾಲೇಜಿನವರು ಮತ್ತೆ ಫೋನ್ ಮಾಡಲಿಲ್ಲವಂತೆ. ಇನ್ನೊಂದರವರು ಪ್ರಾಂಶುಪಾಲರನ್ನು ಕೇಳಿ ತಿಳಿಸುವುದಾಗಿ ಹೇಳಿದ್ದಾರೆ.